ಹಳೆಯ ಇನ್ನೋವಾ ನಿಂತಲ್ಲೇ ನಡುಗುತ್ತಿದೆ: ಎಂಜಿನ್ ಮೌಂಟಿಂಗೋ, ಇಂಜೆಕ್ಟರೋ?

ಪ್ರಶ್ನೆ: ಗಂಗಾವತಿಯ ಇನ್ನೋವಾ ಮಾಲೀಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2009ರ ಮಾದರಿಯ ಟೊಯೊಟಾ ಇನ್ನೋವಾ ಇದೆ. 2.5 ಲೀಟರ್ ಡೀಸೆಲ್ ಎಂಜಿನ್, ಐದು ಗೇರು. ಓಡಿದ್ದು ಎರಡೂವರೆ ಲಕ್ಷ ಕಿಲೋಮೀಟರ್ ಮೀರಿದೆ. ಹುಣ್ಣಿಮೆಗೆ ಹುಲಿಗಿಗೆ, ರಜೆ ಬಂದರೆ ಮಂತ್ರಾಲಯಕ್ಕೆ, ತಂದೆಯವರ ಆಸ್ಪತ್ರೆಯ ಕೆಲಸಕ್ಕೆ ಬಳ್ಳಾರಿಗೆ ಎಂದು ಮನೆಮಂದಿಯೆಲ್ಲ ನೆಚ್ಚಿಕೊಂಡಿರುವ ಗಾಡಿ ಇದು. ಮಾರುವ ಯೋಚನೆ ನಮಗಿಲ್ಲ. ಸರಿಯಾಗಿ ದುರಸ್ತಿ ಮಾಡಿಸಿ ಇನ್ನೂ ಕೆಲವು ವರ್ಷ ಓಡಿಸಬೇಕೆಂಬುದು ಆಸೆ.

ಕಳೆದ ಬೇಸಿಗೆಯಿಂದ ಗಾಡಿ ನಿಂತಲ್ಲೇ ನಡುಗಲು ಆರಂಭಿಸಿದೆ. ಎಂಜಿನ್ ಚಾಲೂ ಇಟ್ಟು ರೈಲ್ವೆ ಗೇಟಿನ ಮುಂದೆ ನಿಂತರೆ ಸ್ಟೇರಿಂಗ್, ಗೇರ್ ರಾಡ್ ಮತ್ತು ಮುಂದಿನ ಸೀಟು ಒಂದೇ ಸಮನೆ ಅದುರುತ್ತವೆ. ಕಿಟಕಿಯ ಗಾಜುಗಳು ಗಲಗಲ ಎನ್ನುತ್ತವೆ. ಎಸಿ ಹಾಕಿದರೆ ಹೆಚ್ಚಾಗುತ್ತದೆ. ಆಕ್ಸಿಲರೇಟರ್ ಸ್ವಲ್ಪ ಒತ್ತಿ 1000 ಆರ್‌ಪಿಎಮ್ ದಾಟಿಸಿದರೆ ಬಹುಪಾಲು ಶಾಂತವಾಗುತ್ತದೆ. ಕೀಲಿ ತಿರುಗಿಸಿ ಎಂಜಿನ್ ಆರಿಸುವಾಗ ಕೆಳಗಿನಿಂದ ದಡ್ ಎಂಬ ಸದ್ದು ಬರುತ್ತದೆ. ರಿವರ್ಸ್ ಗೇರಿನಲ್ಲಿ ಕ್ಲಚ್ ಬಿಡುವಾಗಲೂ ಒಮ್ಮೊಮ್ಮೆ ಅದೇ ಸದ್ದು. ಇದಲ್ಲದೆ ಕುಷ್ಟಗಿಯಿಂದ ಹೊಸಪೇಟೆಯ ಕಡೆಗೆ ಹೆದ್ದಾರಿಯಲ್ಲಿ ಹೋಗುವಾಗ 80 ಕಿಲೋಮೀಟರ್ ವೇಗ ದಾಟಿದ ಮೇಲೆ ನೆಲದಿಂದ ಸಣ್ಣಗೆ ಜುಮ್ಮೆನ್ನುವ ಇನ್ನೊಂದು ಬಗೆಯ ನಡುಕ ಕಾಣಿಸುತ್ತದೆ. ಎರಡೂ ಒಂದೇ ದೋಷದಿಂದ ಬಂದವೋ ಬೇರೆ ಬೇರೆಯೋ ನನಗೆ ತಿಳಿಯುತ್ತಿಲ್ಲ.

ಒಂದು ಗ್ಯಾರೇಜಿನಲ್ಲಿ ಸಿಲಿಂಡರಿನೊಳಗೆ ಡೀಸೆಲ್ ಚಿಮ್ಮಿಸುವ ನಾಲ್ಕೂ ಇಂಜೆಕ್ಟರ್ ಬಿಚ್ಚಿ ಹೊಸದಾಗಿ ಹಾಕಬೇಕೆಂದರು. ಇನ್ನೊಂದು ಕಡೆ ಗಾಡಿಯ ಬಾನೆಟ್ಟನ್ನೂ ಎತ್ತದೆ ಎಂಜಿನ್ ಕೂರುವ ರಬ್ಬರಿನ ಮೌಂಟಿಂಗ್ ಹೋಗಿದೆ ಎಂದರು. ಎರಡರ ಖರ್ಚಿಗೂ ಅಜಗಜಾಂತರ. ಹಣ ಕೊಡುವುದಕ್ಕೆ ಮೊದಲು ದೋಷ ಎಲ್ಲಿದೆ ಎಂಬುದನ್ನು ಮನೆಯಂಗಳದಲ್ಲೇ, ಕೈಗೆ ಸಿಗುವ ಸಾಮಾನಿನಿಂದ ಖಚಿತಪಡಿಸಿಕೊಳ್ಳಲು ದಾರಿ ಇದೆಯೇ? ಮೌಂಟಿಂಗ್ ಬದಲಿಸುವುದೇ ಆದರೆ ಒಂದನ್ನು ಬದಲಿಸಿದರೆ ಸಾಕೇ, ಎಲ್ಲವನ್ನೂ ಬದಲಿಸಬೇಕೇ? ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಬಳ್ಳಾರಿಯ ಮೆಕ್ಯಾನಿಕ್

ಸರ್, ನಮಸ್ಕಾರ. ತಾವು ಲಕ್ಷಣಗಳನ್ನು ಬಿಡಿಸಿ ಬರೆದಿರುವುದರಿಂದ ಅರ್ಧ ಕೆಲಸ ಆಗಲೇ ಆಗಿದೆ. ನಿಂತಾಗಿನ ನಡುಕವನ್ನೂ ಓಡುವಾಗಿನ ನಡುಕವನ್ನೂ ಎರಡು ಬೇರೆ ದೂರುಗಳೆಂದೇ ತಿಳಿದು ಒಂದೊಂದಾಗಿ ಹಿಡಿಯಬೇಕು. ಎರಡನ್ನೂ ಒಟ್ಟಿಗೆ ಕಟ್ಟಿದರೆ ಬೇಡದ ಸಾಮಾನಿಗೆ ದುಡ್ಡು ಹೋಗುತ್ತದೆ. ಮೊದಲು ನಿಂತಾಗಿನ ನಡುಕವನ್ನು ನೋಡೋಣ.

ಈ ಗಾಡಿಯಲ್ಲಿ ಎಂಜಿನ್ ಉದ್ದುದ್ದಕ್ಕೆ ಕೂತಿದೆ, ಹಿಂದಿನ ಚಕ್ರಗಳು ಎಳೆಯುತ್ತವೆ. ಎಂಜಿನ್ನಿನ ಎಡಕ್ಕೊಂದು, ಬಲಕ್ಕೊಂದು ಮೌಂಟಿಂಗ್, ಹಿಂದೆ ಗೇರ್‌ಬಾಕ್ಸಿನ ಕೆಳಗೆ ಮತ್ತೊಂದು. ಒಟ್ಟು ಮೂರರ ಮೇಲೆ ಇಡೀ ಭಾರ ನಿಂತಿದೆ. ಮೌಂಟಿಂಗ್ ರಬ್ಬರ್ ಕೆಡುವುದು ಎರಡು ರೀತಿಯಲ್ಲಿ. ಒಂದು, ಹರಿದು ಕಬ್ಬಿಣದ ತಟ್ಟೆಯಿಂದ ಬಿಟ್ಟುಕೊಳ್ಳುವುದು. ಆಗ ಎಂಜಿನ್ ಜಿಗಿದು ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತದೆ. ಇನ್ನೊಂದು, ಹರಿಯದೆಯೇ ಬಿಸಿಗೆ ಒಣಗಿ ಗಟ್ಟಿಯಾಗುವುದು. ಆಗ ಹೊರನೋಟಕ್ಕೆ ಎಲ್ಲ ಸರಿಯಾಗಿ ಕಾಣುತ್ತದೆ, ಆದರೆ ಎಂಜಿನ್ನಿನ ಅದುರು ಸೋಸದೆ ಹಾಗೇ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಇಳಿಯುತ್ತದೆ. ನಮ್ಮ ಬಳ್ಳಾರಿ ರಾಯಚೂರು ಭಾಗದಲ್ಲಿ ಬೇಸಿಗೆಯ ಬಿಸಿಲೇ 40 ಡಿಗ್ರಿ ದಾಟುತ್ತದೆ, ಬಾನೆಟ್ಟಿನ ಒಳಗಿನ ಬಿಸಿಯನ್ನು ಕೇಳುವುದೇ ಬೇಡ. ಆದ್ದರಿಂದ ಈ ಎರಡನೆಯ ರೀತಿಯನ್ನು ನಾವು ಬಹಳ ನೋಡುತ್ತೇವೆ. ಸೈಲೆನ್ಸರ್ ಪೈಪು ಹಾದುಹೋಗುವ ಬದಿಯ ಮೌಂಟಿಂಗ್ ಮೊದಲು ಗಟ್ಟಿಯಾಗುತ್ತದೆ.

ಪರೀಕ್ಷೆಗೆ ಮೊದಲು ಮೌಂಟಿಂಗ್‌ಗಳನ್ನು ಸೋಪಿನ ನೀರಿನಿಂದ ತೊಳೆದು ಒಣಗಿಸಿರಿ. ಸಂಡೂರು, ತೋರಣಗಲ್ಲು ಕಡೆ ಓಡಾಡಿದ ಗಾಡಿಗಳಲ್ಲಿ ಅದಿರಿನ ಕೆಂಪು ಧೂಳು ಆಯಿಲಿನೊಂದಿಗೆ ಕಲೆತು ರಬ್ಬರಿನ ಮೇಲೆ ಗಟ್ಟಿ ಪದರವಾಗಿ ಕೂತಿರುತ್ತದೆ, ಬಿರುಕು ಅದರ ಕೆಳಗೆ ಮುಚ್ಚಿಹೋಗಿರುತ್ತದೆ. ಡೀಸೆಲಿನಿಂದಾಗಲಿ ಸೀಮೆಎಣ್ಣೆಯಿಂದಾಗಲಿ ತೊಳೆಯಲು ಯಾರಿಗೂ ಬಿಡಬೇಡಿರಿ. ಅವು ರಬ್ಬರನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ. ಇದೇ ಕಾರಣಕ್ಕೆ ಮೇಲಿನಿಂದ, ಅಂದರೆ ಟ್ಯಾಪೆಟ್ ಕವರಿನಿಂದಲೋ ಪವರ್ ಸ್ಟೇರಿಂಗ್ ಪೈಪಿನಿಂದಲೋ, ಎಣ್ಣೆ ಸೋರಿ ಮೌಂಟಿಂಗ್ ಮೇಲೆ ಬೀಳುತ್ತಿದೆಯೇ ಎಂದು ನೋಡಿರಿ. ಸೋರಿಕೆ ನಿಲ್ಲಿಸದೆ ಹೊಸ ರಬ್ಬರ್ ಹಾಕಿದರೆ ಅದೂ ಬೇಗ ಹೋಗುತ್ತದೆ.

ಒಣಗಿದ ಮೇಲೆ ಟಾರ್ಚ್ ಹಿಡಿದು ನೋಡಿರಿ. ರಬ್ಬರ್ ಕಬ್ಬಿಣಕ್ಕೆ ಅಂಟಿದ ಗೆರೆಯೇ ಮುಖ್ಯ. ಮೇಲ್ಮೈಯ ಸಣ್ಣ ಬಿರುಕುಗಳಿಗೆ ಹೆದರಬೇಕಿಲ್ಲ, ಅಂಟಿದ ಗೆರೆಯಲ್ಲಿ ಬಾಯಿ ಬಿಟ್ಟಿದ್ದರೆ ಅದು ಹೋದಂತೆಯೇ. ಕೆಲವು ಗಾಡಿಗಳ ಮೌಂಟಿಂಗ್‌ಗಳಲ್ಲಿ ರಬ್ಬರಿನೊಳಗೆ ದ್ರವ ತುಂಬಿರುತ್ತದೆ. ಅಂಥವು ಒಡೆದರೆ ಕೆಳಗಿನ ಬ್ರಾಕೆಟ್ಟಿನ ಮೇಲೆ ಕಪ್ಪಗೆ ಹಸಿ ಗೆರೆ ಇಳಿದಿರುತ್ತದೆ. ಆಮೇಲೆ ಎಂಜಿನ್ ಎತ್ತರ ನೋಡಿರಿ. ಎಂಜಿನ್ನಿಗೇ ಜೋಡಿಸಿದ ಫ್ಯಾನ್ ಇದ್ದರೆ ಅದರ ಸುತ್ತಲಿನ ಕವರಿಗೂ ರೆಕ್ಕೆಗಳಿಗೂ ನಡುವಿನ ಜಾಗ ಮೇಲೆ ಹೆಚ್ಚು, ಕೆಳಗೆ ಕಡಿಮೆ ಆಗಿದ್ದರೆ ಎಂಜಿನ್ ಕುಸಿದಿದೆ ಎಂದು ಅರ್ಥ. ಸೈಲೆನ್ಸರ್ ಪೈಪು ಚಾಸಿಯ ಅಡ್ಡಪಟ್ಟಿಗೆ ತಾಗಿ ಹೊಳಪು ಬಂದ ಗುರುತು ಇದೆಯೇ ಎಂಬುದನ್ನೂ ನೋಡಿರಿ. ಪೈಪು ತಾಗಿದರೆ ಮೌಂಟಿಂಗ್ ಹೊಸದಿದ್ದರೂ ನಡುಕ ಒಳಗೆ ಬರುತ್ತದೆ, ಎಷ್ಟೋ ಕಡೆ ಇದನ್ನು ಗಮನಿಸುವುದೇ ಇಲ್ಲ.

ಮುಂದಿನದು ಭಾರ ಕೊಟ್ಟು ನೋಡುವ ಪರೀಕ್ಷೆ. ನಾಲ್ಕೂ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಳಗೆ ಅನುಭವಿ ಚಾಲಕರೊಬ್ಬರು ಕೂತು ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯಬೇಕು. ನೋಡುವವರು ಬದಿಯಲ್ಲಿ ನಿಲ್ಲಬೇಕು. ಗಾಡಿಯ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ಇರಕೂಡದು. ಮೊದಲನೆಯ ಗೇರಿಗೆ ಹಾಕಿ ಎಂಜಿನ್ ಸ್ವಲ್ಪ ತಿಣುಕುವಷ್ಟು ಮಾತ್ರ ಕ್ಲಚ್ ಬಿಟ್ಟು ತಕ್ಷಣ ಮತ್ತೆ ಒತ್ತಬೇಕು. ಮುಂದಿನಿಂದ ನೋಡಿದರೆ ಎಂಜಿನ್ನಿನ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಅದರ ಪ್ರತಿಬಲಕ್ಕೆ ಎಂಜಿನ್ನಿನ ಮೈ ಎದುರು ದಿಕ್ಕಿಗೆ ವಾಲುತ್ತದೆ. ಹಾಗಾಗಿ ಮುಂದಿನ ಗೇರಿನಲ್ಲಿ ಎಡಬದಿ ಮೇಲೇಳುತ್ತದೆ, ರಿವರ್ಸಿನಲ್ಲಿ ಚಾಲಕನ ಬದಿ ಮೇಲೇಳುತ್ತದೆ. ಸ್ವಲ್ಪ ವಾಲುವುದು ಸಹಜ. ಒಂದು ಅಂಗುಲದಷ್ಟು ಎದ್ದು ದಡ್ಡನೆ ಕೂತರೆ ಆ ಬದಿಯ ರಬ್ಬರ್ ಬಿಟ್ಟಿದೆ. ತಮಗೆ ರಿವರ್ಸಿನಲ್ಲಿ ಸದ್ದು ಬರುತ್ತಿರುವುದರಿಂದ ಬಲಬದಿಯದನ್ನು ವಿಶೇಷವಾಗಿ ನೋಡಿರಿ. ಆದರೆ ಎಡಗಡೆಯ ರಬ್ಬರ್ ಬಿಟ್ಟಿದ್ದರೂ ಎತ್ತಿದ ಎಂಜಿನ್ ಮತ್ತೆ ಕೂರುವಾಗ ಸದ್ದು ಬರಬಹುದು. ಕಿವಿಯನ್ನು ನಂಬದೆ ಕಣ್ಣಿನಿಂದ ನೋಡಿರಿ.

ಇಷ್ಟಕ್ಕೂ ಅನುಮಾನ ಉಳಿದರೆ ಎಂಜಿನ್ ಆರಿಸಿ, ಎಂಜಿನ್ನಿನ ತಳದ ಆಯಿಲ್ ಚೇಂಬರಿನ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಜಾಕಿಯಿಂದ ಕೂದಲೆಳೆಯಷ್ಟು ಎತ್ತಿರಿ. ಒಳ್ಳೆಯ ರಬ್ಬರ್ ಎಂಜಿನ್ನಿನ ಜೊತೆ ಹಿಗ್ಗುತ್ತದೆ. ಕೆಟ್ಟದ್ದರಲ್ಲಿ ರಬ್ಬರ್ ಕೆಳಗೇ ಉಳಿದು ಕಬ್ಬಿಣ ಮೇಲೆ ಹೋಗುತ್ತದೆ. ಹಲಗೆಯಿಲ್ಲದೆ ಜಾಕಿಯ ತಲೆಯನ್ನು ನೇರವಾಗಿ ಚೇಂಬರಿಗೆ ಕೊಟ್ಟರೆ ಅದು ನೆಗ್ಗುತ್ತದೆ. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಮಲಗಬೇಡಿರಿ.

ಇಂಜೆಕ್ಟರ್ ವಿಷಯಕ್ಕೆ ಒಂದು ಎಚ್ಚರಿಕೆ. ಹಿಂದೆ ಕ್ವಾಲಿಸಿನಂಥ ಗಾಡಿಗಳಲ್ಲಿ ಒಂದೊಂದೇ ಇಂಜೆಕ್ಟರ್ ಪೈಪಿನ ನಟ್ಟು ಸಡಿಲಿಸಿ ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲ ಎಂದು ಕಂಡುಹಿಡಿಯುತ್ತಿದ್ದೆವು. ತಮ್ಮ ಗಾಡಿ ಕಾಮನ್ ರೈಲ್, ಅಂದರೆ ನಾಲ್ಕೂ ಇಂಜೆಕ್ಟರಿಗೆ ಒಂದೇ ಕೊಳವೆಯಿಂದ ಭಾರೀ ಒತ್ತಡದ ಡೀಸೆಲ್ ಹೋಗುತ್ತದೆ. ಓಡುತ್ತಿರುವ ಎಂಜಿನ್ನಿನಲ್ಲಿ ಆ ಪೈಪಿಗೆ ಯಾರೂ ಪಾನಾ ಹಾಕಕೂಡದು. ಅದರೊಳಗಿನ ಒತ್ತಡ ನಿಂತಾಗಲೇ ನೂರಾರು ಬಾರ್, ಜೋರಾಗಿ ಓಡುವಾಗ ಸಾವಿರಕ್ಕೂ ಹೆಚ್ಚು; ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಗೆ ಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳುವಷ್ಟು ಗಾಯವಾಗುತ್ತದೆ. ಸ್ಕ್ಯಾನರ್ ಇರುವ ಕಡೆ ಹೋಗಿ ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಸಿಲಿಂಡರುಗಳ ಡೀಸೆಲ್ ತಿದ್ದುಪಡಿಯ ಸಂಖ್ಯೆಗಳನ್ನು, ಅಂದರೆ ಎಂಜಿನ್ ಸಮನಾಗಿ ಓಡಲೆಂದು ಗಾಡಿಯ ಕಂಪ್ಯೂಟರ್ ಒಂದೊಂದಕ್ಕೆ ಡೀಸೆಲನ್ನು ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಎಂಬುದನ್ನು, ತೋರಿಸಿ ಎಂದು ಕೇಳಿರಿ. ನಾಲ್ಕೂ ಹತ್ತಿರ ಹತ್ತಿರ ಇದ್ದರೆ ಇಂಜೆಕ್ಟರ್ ಬಿಚ್ಚುವ ಮಾತೇ ಬೇಡ. ಒಂದು ಮಾತ್ರ ಉಳಿದ ಮೂರರಿಂದ ದೂರ ನಿಂತಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಮತ್ತು ಕಂಪ್ರೆಷನ್ ಎರಡನ್ನೂ ನೋಡಿಸಬೇಕಾಗುತ್ತದೆ.

ಉತ್ತರ: ರಾಯಚೂರಿನ ಮೆಕ್ಯಾನಿಕಲ್ ಉಪನ್ಯಾಸಕ

ಬಳ್ಳಾರಿಯ ಅಣ್ಣನವರು ಕೈಯಿಂದ ತಿಳಿಯುವ ದಾರಿಯನ್ನು ಹೇಳಿದ್ದಾರೆ. ಅದರ ಹಿಂದಿನ ಲೆಕ್ಕವನ್ನು ನಾನು ಬರೆಯುತ್ತೇನೆ, ಏಕೆಂದರೆ ಈ ಲೆಕ್ಕ ತಿಳಿದರೆ ಇಂಜೆಕ್ಟರೋ ಮೌಂಟಿಂಗೋ ಎಂಬ ಪ್ರಶ್ನೆಗೆ ಒಂದು ಮೊಬೈಲ್ ಫೋನಿನಿಂದಲೇ ಬಹುಮಟ್ಟಿಗೆ ಉತ್ತರ ಸಿಗುತ್ತದೆ.

ಎಂಜಿನ್ ನಿಂತಲ್ಲೇ 750 ಆರ್‌ಪಿಎಮ್‌ನಲ್ಲಿ ಓಡುತ್ತಿದೆ ಎಂದುಕೊಳ್ಳೋಣ. ಅಂದರೆ ಸೆಕೆಂಡಿಗೆ ಹನ್ನೆರಡೂವರೆ ಸುತ್ತು. ನಾಲ್ಕು ಸಿಲಿಂಡರಿನ, ನಾಲ್ಕು ಹಂತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ಸಲ ಡೀಸೆಲ್ ಉರಿಯುತ್ತದೆ. ಆದ್ದರಿಂದ ಸೆಕೆಂಡಿಗೆ 25 ಹೊಡೆತ, ಅಂದರೆ 25 ಹರ್ಟ್ಜ್. ಆರೋಗ್ಯವಂತ ಎಂಜಿನ್ನಿನಿಂದ ಹೊರಡುವ ಮುಖ್ಯ ಕಂಪನ ಇದೇ. ನಾಲ್ಕರಲ್ಲಿ ಒಂದು ಸಿಲಿಂಡರ್ ಬಲಹೀನವಾಗಿದ್ದರೆ ಆ ಕೊರತೆ ಎರಡು ಸುತ್ತಿಗೊಮ್ಮೆ ಬರುತ್ತದೆ. ಸೆಕೆಂಡಿಗೆ ಸುಮಾರು ಆರು ಸಲ. ಆರು ಹರ್ಟ್ಜಿನ ಅಲುಗಾಟವನ್ನು ಕಣ್ಣಿನಿಂದ ಕಾಣಬಹುದು, ಎಂಜಿನ್ ಕುಂಟುತ್ತಿರುವುದು ಗೊತ್ತಾಗುತ್ತದೆ. 25 ಹರ್ಟ್ಜ್ ಮಾತ್ರ ಜುಮ್ಮೆನ್ನುವ ಅದುರಾಗಿಯೇ ಅನುಭವಕ್ಕೆ ಬರುತ್ತದೆ. ಕಂಪನ ಅಳೆಯುವ ಯಾವುದಾದರೂ ಆ್ಯಪ್ ಹಾಕಿಕೊಂಡು ಫೋನನ್ನು ಮುಂದಿನ ಸೀಟಿನ ಹಳಿಯ ಮೇಲೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪರದೆಯ ಗೆರೆಯಲ್ಲಿ ಶಿಖರ ಆರರ ಬಳಿ ಎದ್ದಿದ್ದರೆ ಎಂಜಿನ್ನಿನ ಉರಿಯುವಿಕೆಯಲ್ಲೇ ದೋಷವಿದೆ. 25ರ ಬಳಿ ಎದ್ದಿದ್ದು ಆರರ ಬಳಿ ಏನೂ ಇಲ್ಲದಿದ್ದರೆ ಎಂಜಿನ್ ಸರಿಯಾಗಿ ಓಡುತ್ತಿದೆ, ಅದರ ಸಹಜ ಕಂಪನವನ್ನು ತಡೆಯಬೇಕಾದ ಮೌಂಟಿಂಗ್ ಆ ಕೆಲಸ ಮಾಡುತ್ತಿಲ್ಲ. ಹನ್ನೆರಡೂವರೆಯ ಬಳಿ ಎದ್ದಿದ್ದರೆ ಕ್ರ್ಯಾಂಕಿನ ಜೊತೆ ಸುತ್ತುವ ಪುಲ್ಲಿ, ಫ್ಲೈವೀಲ್, ಕ್ಲಚ್ ಪ್ಲೇಟಿನ ಕಡೆ ನೋಡಬೇಕು.

1000 ಆರ್‌ಪಿಎಮ್ ದಾಟಿದರೆ ಶಾಂತವಾಗುತ್ತದೆ ಎಂದು ತಾವು ಬರೆದದ್ದು ಬಹಳ ಬೆಲೆಯುಳ್ಳ ಸುಳಿವು. ರಬ್ಬರಿನ ಮೇಲೆ ಕೂತ ಎಂಜಿನ್ನಿಗೆ ತನ್ನದೇ ಆದ ಒಂದು ಸಹಜ ತೂಗಾಟದ ವೇಗ ಇರುತ್ತದೆ. ಹೊಡೆತದ ಆವರ್ತನ, ಅಂದರೆ ಸೆಕೆಂಡಿಗೆ ಎಷ್ಟು ಸಲ ಎಂಬುದು, ಆ ಸಹಜ ಆವರ್ತನದ 1.4 ಪಟ್ಟನ್ನು ಮೀರಿದ ಮೇಲಷ್ಟೇ ರಬ್ಬರ್ ಕಂಪನವನ್ನು ತಗ್ಗಿಸಲು ಆರಂಭಿಸುತ್ತದೆ. ಅದಕ್ಕಿಂತ ಕೆಳಗೆ ತಗ್ಗಿಸುವ ಬದಲು ಹೆಚ್ಚಿಸುತ್ತದೆ. ಹೊಸ ರಬ್ಬರಿನ ಮೇಲೆ ಎಂಜಿನ್ನಿನ ಸಹಜ ಆವರ್ತನ 12 ಹರ್ಟ್ಜ್ ಇತ್ತೆಂದು ಊಹಿಸಿದರೆ 17 ದಾಟಿದ ಕೂಡಲೇ ತಗ್ಗಿಸುವಿಕೆ ಆರಂಭವಾಗುತ್ತದೆ, 25 ಹರ್ಟ್ಜಿಗೆ ಬರುವಾಗ ಸೀಟಿನಲ್ಲಿ ಕೂತವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಅದೇ ರಬ್ಬರ್ ಗಟ್ಟಿಯಾಗಿ ಸಹಜ ಆವರ್ತನ 18ಕ್ಕೆ ಏರಿದರೆ ತಗ್ಗಿಸುವಿಕೆ ಆರಂಭವಾಗುವುದೇ 25ರ ಮೇಲೆ. ಆಗ 750 ಆರ್‌ಪಿಎಮ್‌ನಲ್ಲಿ ರಬ್ಬರ್ ಇದ್ದೂ ಇಲ್ಲದಂತೆ. 1000 ಆರ್‌ಪಿಎಮ್‌ಗೆ ಹೊಡೆತ 33 ಹರ್ಟ್ಜಿಗೆ ಏರುವುದರಿಂದ ಮತ್ತೆ ತಗ್ಗುತ್ತದೆ. ಈ ಸಂಖ್ಯೆಗಳು ಉದಾಹರಣೆಗಾಗಿ ತೆಗೆದುಕೊಂಡವು, ತಮ್ಮ ಗಾಡಿಯಲ್ಲಿ ಅಳೆದವಲ್ಲ. ಆದರೆ ತಾವು ಕಂಡ ವರ್ತನೆ ಇದೇ ದಾರಿಯಲ್ಲಿದೆ. ಎಂಜಿನ್ ಆರಿಸುವಾಗ ಬರುವ ಸದ್ದಿಗೂ ಇದೇ ವಿವರಣೆ: ನಿಲ್ಲುವ ಎಂಜಿನ್ನಿನ ವೇಗ 750ರಿಂದ ಸೊನ್ನೆಗೆ ಇಳಿಯುವಾಗ ಆ ಸಹಜ ಆವರ್ತನವನ್ನು ಒಮ್ಮೆ ಹಾದುಹೋಗಲೇಬೇಕು, ಹರಿದ ಮೌಂಟಿಂಗ್ ಇದ್ದರೆ ಆ ಕ್ಷಣದಲ್ಲಿ ಬಡಿಯುತ್ತದೆ.

ಇದರಿಂದ ಇನ್ನೊಂದು ಮಾತೂ ತಿಳಿಯುತ್ತದೆ. ಬಲಹೀನ ಸಿಲಿಂಡರಿನ ಆರು ಹರ್ಟ್ಜನ್ನು ಎಷ್ಟೇ ಒಳ್ಳೆಯ ಹೊಸ ಮೌಂಟಿಂಗ್ ಹಾಕಿದರೂ ತಡೆಯಲಾಗದು. ಅದು ರಬ್ಬರ್ ತಗ್ಗಿಸಬಲ್ಲ ವ್ಯಾಪ್ತಿಗಿಂತ ಕೆಳಗಿದೆ. ಹಾಗಾಗಿ ಸಾಮಾನು ಕೊಳ್ಳುವ ಮುಂಚೆ ಎಂಜಿನ್ ಸಮನಾಗಿ ಉರಿಯುತ್ತಿದೆ ಎಂಬುದು ಖಚಿತವಾಗಲೇಬೇಕು ಎಂದು ನಾನು ಒತ್ತಿ ಹೇಳುತ್ತೇನೆ.

ಹೆದ್ದಾರಿಯ ನಡುಕಕ್ಕೆ ಒಂದು ಸರಳ ಪರೀಕ್ಷೆ ಇದೆ. ಅದೇ 80ರ ವೇಗದಲ್ಲಿ ಒಮ್ಮೆ ಐದನೆಯ ಗೇರಿನಲ್ಲಿ, ಒಮ್ಮೆ ನಾಲ್ಕನೆಯ ಗೇರಿನಲ್ಲಿ ಓಡಿಸಿ ನೋಡಿರಿ. ಗೇರು ಬದಲಾದರೂ ನಡುಕ ಬದಲಾಗದಿದ್ದರೆ ಅದು ಎಂಜಿನ್ನಿನದಲ್ಲ, ಗಾಡಿಯ ವೇಗಕ್ಕೆ ಕಟ್ಟುಬಿದ್ದ ಚಕ್ರದ್ದು ಅಥವಾ ಎಂಜಿನ್ನಿನ ಬಲವನ್ನು ಹಿಂದಿನ ಚಕ್ರಗಳ ಕಡೆಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನದು. 205/65 ಆರ್ 15 ಅಳತೆಯ ಟೈರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಹೆಚ್ಚು. 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ 11 ಸುತ್ತು ಹಾಕುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಅದರ ಸುಮಾರು ನಾಲ್ಕು ಪಟ್ಟು, 40 ದಾಟಿ ಸುತ್ತುತ್ತದೆ. ಫೋನು 11 ತೋರಿಸಿದರೆ ವೀಲ್ ಬ್ಯಾಲೆನ್ಸಿಂಗ್ ಮತ್ತು ಟೈರು ನೋಡಿಸಿರಿ, 40ರ ಮೇಲೆ ತೋರಿಸಿದರೆ ಶಾಫ್ಟ್ ಮತ್ತು ಅದರ ತುದಿಯ ಕೀಲಾದ ಕ್ರಾಸ್ ನೋಡಿಸಿರಿ. ಪರೀಕ್ಷೆಯ ವೇಳೆ ಫೋನು ಪಕ್ಕದವರ ಕೈಯಲ್ಲಿರಲಿ. ರಸ್ತೆಯೂ ಸಮತಟ್ಟಾಗಿರಬೇಕು, ಎರೆಮಣ್ಣಿನ ಮೇಲೆ ಹಾಕಿದ ನಮ್ಮ ಸಿಂಧನೂರು, ಮಸ್ಕಿ ಕಡೆಯ ರಸ್ತೆಗಳು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಅಲೆಯಲೆಯಾಗಿರುವುದರಿಂದ ಅಲ್ಲಿ ಅಳೆದರೆ ರಸ್ತೆಯ ಕುಲುಕಾಟವೇ ದಾಖಲಾಗುತ್ತದೆ.

ಉತ್ತರ: ಸಿಂಧನೂರಿನ ಬಾಡಿಗೆ ಗಾಡಿ ಮಾಲೀಕ

ಇಬ್ಬರೂ ಹಿರಿಯರು ತಪಾಸಣೆಯ ವಿಷಯ ಹೇಳಿದ್ದಾರೆ, ನಾನು ಸಾಮಾನು ಕೊಳ್ಳುವ ವಿಷಯ ಮಾತ್ರ ಹೇಳುತ್ತೇನೆ. ಇನ್ನೋವಾ ನಮ್ಮ ಕಡೆ ಬಾಡಿಗೆಗೆ ಬಹಳ ಓಡುವ ಗಾಡಿಯಾದ್ದರಿಂದ ಮೌಂಟಿಂಗ್ ಎಲ್ಲ ಊರಿನಲ್ಲೂ ಸಿಗುತ್ತದೆ, ಬೆಲೆಯೂ ನಾನಾ ತರ. ಚಾಸಿ ನಂಬರ್ ಹೇಳಿ ಕಂಪನಿಯ ಪಾರ್ಟ್ ನಂಬರ್ ತೆಗೆಸಿ, ಆ ನಂಬರಿಗೆ ಹೊಂದುವುದನ್ನೇ ಕೊಳ್ಳಿರಿ. ಬೋಲ್ಟಿನ ತೂತು ಸರಿಹೊಂದಿದ ಮಾತ್ರಕ್ಕೆ ಅದು ತಮ್ಮ ಗಾಡಿಯದಾಗುವುದಿಲ್ಲ. ರಬ್ಬರಿನ ಗಡಸುತನ ಬೇರೆಯಿದ್ದರೆ ಹೊಸದು ಹಾಕಿದ ದಿನವೇ ಹಳೆಯದಕ್ಕಿಂತ ಹೆಚ್ಚು ನಡುಗುತ್ತದೆ. ದೀರ್ಘಕಾಲ ಬಾಳಲಿ ಎಂದು ಗಟ್ಟಿ ಪಾಲಿಯುರಿಥೇನ್ ಹಾಕಿಸಿಕೊಳ್ಳುವವರಿದ್ದಾರೆ. ಮನೆಮಂದಿ ಕೂರುವ ಗಾಡಿಗೆ ಅದು ತಕ್ಕುದಲ್ಲ.

ಗಣಿಗಳ ಕನ್ವೇಯರ್ ಬೆಲ್ಟಿನ ತುಂಡನ್ನು ಕತ್ತರಿಸಿ ಹರಿದ ಮೌಂಟಿಂಗಿನ ಕೆಳಗೆ ಪ್ಯಾಕಿಂಗ್ ಕೊಟ್ಟು ಕಳಿಸುವ ರೂಢಿ ಕೆಲವು ಕಡೆ ಇದೆ. ಆ ಬೆಲ್ಟಿನೊಳಗೆ ಬಟ್ಟೆಯ ಇಲ್ಲವೆ ಉಕ್ಕಿನ ಎಳೆಗಳ ಪದರ ಇರುತ್ತದೆ, ಅದು ಹಿಗ್ಗುವುದಿಲ್ಲ ಕುಗ್ಗುವುದಿಲ್ಲ. ದಡ್ ಎಂಬ ಸದ್ದು ನಿಲ್ಲುತ್ತದೆ, ನಡುಕ ಇಮ್ಮಡಿಯಾಗುತ್ತದೆ, ಎಂಜಿನ್ ಒಂದು ಬದಿಗೆ ಎತ್ತರವಾಗಿ ಗೇರ್‌ಬಾಕ್ಸಿನ ಮೌಂಟಿಂಗ್ ಮೇಲೆ ತಿರುಚುವ ಭಾರ ಬೀಳುತ್ತದೆ. ದಾರಿಯಲ್ಲಿ ಕೆಟ್ಟು ಮನೆ ಮುಟ್ಟುವುದಕ್ಕಾದರೆ ಸರಿ, ಕಾಯಂ ಆಗಿ ಬೇಡ.

ಒಂದೋ ಮೂರೋ ಎಂದು ಕೇಳಿದ್ದೀರಿ. ಎಡಬಲ ಎರಡನ್ನೂ ಜೊತೆಯಾಗಿಯೇ ಬದಲಿಸಿರಿ. ಗೇರ್‌ಬಾಕ್ಸಿನದೂ ಅಷ್ಟೇ ಹಳೆಯದಾಗಿದ್ದರೆ ಅದನ್ನೂ ತೆಗೆಸಿಬಿಡಿರಿ. ಹೊಸ ಮೆತ್ತನೆಯ ರಬ್ಬರ್ ಒಂದು ಬದಿಗೆ, ಗಟ್ಟಿಯಾದ ಹಳೆಯದು ಇನ್ನೊಂದು ಬದಿಗೆ ಇದ್ದರೆ ಹೊಸದರ ಮೇಲೆಯೇ ಎಲ್ಲ ತೂಗಾಟ ಬಿದ್ದು ಬೇಗ ಹರಿಯುತ್ತದೆ.

ಗಂಗಾವತಿಯಿಂದ ಮರಳಿ

ತಾವೆಲ್ಲ ಇಷ್ಟು ಶ್ರಮ ತೆಗೆದುಕೊಂಡು ಬರೆದದ್ದಕ್ಕೆ ಕೃತಜ್ಞನಾಗಿದ್ದೇನೆ. ಹೇಳಿದ ಕ್ರಮದಲ್ಲೇ ನೋಡಿದೆವು. ಸೀಟಿನ ಹಳಿಯ ಮೇಲೆ ಫೋನು ಹಿಡಿದಾಗ ಶಿಖರ 25ರ ಆಸುಪಾಸಿನಲ್ಲಿ ಚೂಪಾಗಿ ಎದ್ದಿತು, ಆರರ ಬಳಿ ಹೇಳಿಕೊಳ್ಳುವಂಥದ್ದು ಏನೂ ಕಾಣಲಿಲ್ಲ. ಕೊಪ್ಪಳದಲ್ಲಿ ಸ್ಕ್ಯಾನರ್ ಹಾಕಿಸಿದಾಗ ನಾಲ್ಕು ಸಿಲಿಂಡರುಗಳ ಸಂಖ್ಯೆಗಳೂ ಹತ್ತಿರ ಹತ್ತಿರವೇ ಇದ್ದವು. ಇಂಜೆಕ್ಟರಿನ ಚಿಂತೆ ಅಲ್ಲಿಗೆ ತೀರಿತು.

ಸೋಪಿನ ನೀರಿನಿಂದ ತೊಳೆದ ಮೇಲೆ ಬಲಬದಿಯ ಮೌಂಟಿಂಗಿನಲ್ಲಿ ರಬ್ಬರ್ ತಟ್ಟೆಯಿಂದ ಬಿಟ್ಟಿರುವುದು ಸ್ಪಷ್ಟವಾಗಿ ಕಂಡಿತು. ರಿವರ್ಸಿನ ಪರೀಕ್ಷೆಯಲ್ಲಿ ಆ ಬದಿ ಎದ್ದು ಬಡಿಯುವುದನ್ನು ತಂದೆಯವರೂ ನಿಂತು ನೋಡಿದರು. ಎಡಬದಿಯದು ಹರಿದಿಲ್ಲ, ಆದರೆ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದರೆ ಸ್ವಲ್ಪವೂ ತಗ್ಗದಷ್ಟು ಗಟ್ಟಿಯಾಗಿದೆ. ಗೇರ್‌ಬಾಕ್ಸಿನದು ಕುಸಿದಿದೆ. ಪವರ್ ಸ್ಟೇರಿಂಗ್ ಪೈಪಿನ ಜೋಡಣೆಯಿಂದ ಸಣ್ಣಗೆ ಸೋರುತ್ತಿದ್ದ ಎಣ್ಣೆಯನ್ನು ನಿಲ್ಲಿಸಿದ್ದೇವೆ. ಪಾರ್ಟ್ ನಂಬರ್ ನೋಡಿ ಮೂರೂ ಮೌಂಟಿಂಗ್ ತರಿಸಿದ್ದೇನೆ. ನಮ್ಮೂರಿನ ಪರಿಚಯದ ಮೆಕ್ಯಾನಿಕರು ಕೂರಿಸಿಕೊಡಲು ಒಪ್ಪಿದ್ದಾರೆ. ಕೂರಿಸುವಾಗ ನಾನು ಗಮನಿಸಬೇಕಾದದ್ದೇನು?

ಉತ್ತರ: ಬಳ್ಳಾರಿಯ ಮೆಕ್ಯಾನಿಕ್

ಸಂತೋಷ ಸರ್. ಮೌಂಟಿಂಗ್ ಕೆಲಸ ಕಷ್ಟದ್ದಲ್ಲ, ಆದರೆ ಅವಸರದಲ್ಲಿ ಕೂರಿಸಿದರೆ ಹೊಸ ಸಾಮಾನಿನಲ್ಲೂ ನಡುಕ ಉಳಿಯುತ್ತದೆ. ಆಮೇಲೆ ಸಾಮಾನು ಚೆನ್ನಾಗಿಲ್ಲ ಎಂದು ಅಂಗಡಿಯವರ ಮೇಲೆ ಮಾತು ಬರುತ್ತದೆ.

ಗಾಡಿಯನ್ನು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಕೈ ಹಾಕಲಿ. ಬ್ಯಾಟರಿಯ ನೆಗೆಟಿವ್ ಕಳಚಲಿ. ಎಂಜಿನ್ ಎತ್ತುವಾಗ ಒಬ್ಬರು ಮೇಲಿನಿಂದ ಫ್ಯಾನಿನ ರೆಕ್ಕೆ ಕವರಿಗೆ ತಾಗುತ್ತಿದೆಯೇ, ರೇಡಿಯೇಟರ್ ಹೋಸ್, ಎಸಿ ಪೈಪು, ವೈರಿಂಗ್ ಎಳೆದುಕೊಳ್ಳುತ್ತಿವೆಯೇ ಎಂದು ನೋಡುತ್ತಲೇ ಇರಬೇಕು. ಬೋಲ್ಟು ಹೊರಬರುವಷ್ಟು ಎತ್ತಿದರೆ ಸಾಕು. ಎರಡು ಬದಿಯನ್ನೂ ಒಟ್ಟಿಗೆ ಬಿಚ್ಚದೆ ಒಂದನ್ನು ಬಿಚ್ಚಿ ಹೊಸದನ್ನು ಕೂರಿಸಿ, ನಂತರ ಇನ್ನೊಂದಕ್ಕೆ ಹೋಗಲಿ. ಬ್ರಾಕೆಟ್ಟಿನ ಮೇಲಿನ ತುಕ್ಕು ಮತ್ತು ಕೆಸರನ್ನು ಉಜ್ಜಿ ತೆಗೆಯಲಿ, ಮೌಂಟಿಂಗಿನಲ್ಲಿ ಗುರುತಿನ ಮೊಳೆ ಇದ್ದರೆ ಅದು ತನ್ನ ತೂತಿನಲ್ಲೇ ಕೂರಬೇಕು. ತಿರುಚಿ ಕೂರಿಸಿದರೆ ರಬ್ಬರ್ ಮೊದಲ ದಿನದಿಂದಲೇ ಎಳೆದಂತೆ ಇರುತ್ತದೆ.

ಬಹಳ ಜನ ತಪ್ಪಿಸುವ ಹಂತ ಇದು: ಮೂರೂ ಮೌಂಟಿಂಗಿನ ನಟ್ಟುಗಳನ್ನು ಕೈಯಲ್ಲಿ ತಿರುಗಿಸಿದಷ್ಟು ಮಾತ್ರ ಹಾಕಿ, ಜಾಕಿ ಪೂರ್ತಿ ಇಳಿಸಿ, ಎಂಜಿನ್ನಿನ ಭಾರವೆಲ್ಲ ರಬ್ಬರಿನ ಮೇಲೆ ಬಿದ್ದ ನಂತರ ಎಂಜಿನ್ನನ್ನು ಕೈಯಿಂದ ಎಡಕ್ಕೂ ಬಲಕ್ಕೂ ಅಲುಗಿಸಿ ಅದು ತನ್ನ ಜಾಗ ಹುಡುಕಿಕೊಳ್ಳಲು ಬಿಡಬೇಕು. ಆಮೇಲೆಯೇ ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚಿನಿಂದ ಬಿಗಿಯಬೇಕು. ಜಾಕಿಯ ಮೇಲೆ ಎತ್ತಿದ್ದಾಗಲೇ ಬಿಗಿದುಬಿಟ್ಟರೆ ರಬ್ಬರ್ ತಿರುಚಿಕೊಂಡೇ ಉಳಿಯುತ್ತದೆ. ಎಂಜಿನ್ ಈಗ ಹಳೆಯ ಎತ್ತರಕ್ಕಿಂತ ಮೇಲೆ ಕೂತಿರುವುದರಿಂದ ಸೈಲೆನ್ಸರ್ ಪೈಪಿನ ಜೋಡಣೆಯ ಬೋಲ್ಟುಗಳನ್ನೂ ಸಡಿಲಿಸಿ ಮತ್ತೆ ಬಿಗಿಯಬೇಕು, ಇಲ್ಲದಿದ್ದರೆ ಪೈಪು ಎಂಜಿನ್ನನ್ನು ಒಂದು ಕಡೆಗೆ ಜಗ್ಗುತ್ತಿರುತ್ತದೆ. ಪೈಪನ್ನು ತೂಗುಹಾಕಿದ ರಬ್ಬರ್ ಬಳೆಗಳು ಸೀಳಿದ್ದರೆ ಇದೇ ಕೆಲಸದಲ್ಲಿ ಬದಲಿಸಿಬಿಡಲಿ, ಅವು ಹೆಚ್ಚಿನ ಬೆಲೆಯವಲ್ಲ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳ ಬಿಗಿತವನ್ನು ಇನ್ನೊಮ್ಮೆ ನೋಡಿಸಿರಿ.

ಗಂಗಾವತಿಯಿಂದ ಮರಳಿ

ಕೆಲಸ ಮುಗಿಯಿತು. ನಿಂತಾಗಿನ ನಡುಕ ಹೋಗಿದೆ. ಎಸಿ ಹಾಕಿದರೂ ಗೇರ್ ರಾಡ್ ಸುಮ್ಮನಿದೆ, ಎಂಜಿನ್ ಆರಿಸುವಾಗ ಸದ್ದಿಲ್ಲ. ಹಿಂದಿನ ಸೀಟಿನಲ್ಲಿ ಕೂತ ತಾಯಿಯವರು ಎಂಜಿನ್ ಚಾಲೂ ಇದೆಯೇ ಎಂದು ಕೇಳಿದರು. ಫೋನಿನಲ್ಲಿ 25ರ ಶಿಖರ ಹಿಂದಿಗಿಂತ ಬಹಳ ಕುಗ್ಗಿದೆ.

ಹೆದ್ದಾರಿಯ ನಡುಕ ಮಾತ್ರ ಹಾಗೇ ಇದೆ. ಉಪನ್ಯಾಸಕರು ಹೇಳಿದಂತೆ ನಾಲ್ಕನೆಯ, ಐದನೆಯ ಗೇರಿನಲ್ಲಿ ಒಂದೇ ವೇಗಕ್ಕೆ ಓಡಿಸಿದೆವು, ಬದಲಾವಣೆ ಇಲ್ಲ. ಫೋನು 40ರ ಮೇಲೆ ತೋರಿಸಿತು. ಗಾಡಿ ಎತ್ತಿಸಿ ಶಾಫ್ಟನ್ನು ಕೈಯಿಂದ ತಿರುಚಿ ನೋಡಿದಾಗ ಹಿಂದಿನ ಚಕ್ರಗಳ ನಡುವಿನ ಡಿಫರೆನ್ಷಿಯಲ್ ಕಡೆಯ ಕ್ರಾಸಿನಲ್ಲಿ ಆಟ, ಅಂದರೆ ಸಡಿಲು, ಇರುವುದು ತಿಳಿಯಿತು. ಮುಂದಿನ ವಾರ ಅದನ್ನು ಬಿಚ್ಚಿಸುತ್ತೇನೆ. ಅದಕ್ಕೂ ಏನಾದರೂ ಎಚ್ಚರಿಕೆ ಇದ್ದರೆ ತಿಳಿಸಿರಿ.

ಉತ್ತರ: ಬಳ್ಳಾರಿಯ ಮೆಕ್ಯಾನಿಕ್

ಇದೆ ಸರ್. ಬೋಲ್ಟು ಬಿಚ್ಚುವ ಮೊದಲು ಶಾಫ್ಟಿನ ಫ್ಲ್ಯಾಂಜಿಗೂ (ಬೋಲ್ಟು ಕೂರುವ ತಟ್ಟೆ) ಡಿಫರೆನ್ಷಿಯಲ್ಲಿನ ಫ್ಲ್ಯಾಂಜಿಗೂ ಸೇರಿದಂತೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆಸಿರಿ. ಶಾಫ್ಟಿನ ಜಾರುವ ಭಾಗವನ್ನೂ ಕಳಚುವುದಾದರೆ ಅಲ್ಲಿಯೂ ಗುರುತು ಬೇಕು. ಕೂರಿಸುವಾಗ ಗೆರೆಗೆ ಗೆರೆ ಕೂಡಬೇಕು, ಶಾಫ್ಟಿನ ಎರಡೂ ತುದಿಯ ಕವಲುಗಳು ಮೊದಲಿದ್ದ ನೇರದಲ್ಲೇ ಇರಬೇಕು. ಒಂದು ಹಲ್ಲು ಆಚೀಚೆಯಾದರೂ ಹೊಸ ಕ್ರಾಸ್ ಹಾಕಿ ಹೊಸ ನಡುಕ ತಂದುಕೊಂಡಂತಾಗುತ್ತದೆ. ಶಾಫ್ಟಿನ ಮೈಗೆ ಅಲ್ಲಲ್ಲಿ ವೆಲ್ಡ್ ಮಾಡಿದ ಸಣ್ಣ ಕಬ್ಬಿಣದ ಬಿಲ್ಲೆಗಳು ಬ್ಯಾಲೆನ್ಸಿಗಾಗಿ ಇಟ್ಟವು. ಸುತ್ತಿಗೆ ತಾಗಿ ಅವು ಉದುರದಂತೆ, ಕೆಸರೆಂದು ತಿಳಿದು ಯಾರೂ ಕೆರೆದು ತೆಗೆಯದಂತೆ ನೋಡಿಕೊಳ್ಳಿರಿ. ಕ್ರಾಸ್ ಬದಲಿಸಿದ ನಂತರವೂ 40ರ ಶಿಖರ ಉಳಿದರೆ ಶ್ರಮ ವ್ಯರ್ಥ ಮಾಡದೆ ಶಾಫ್ಟನ್ನು ಬ್ಯಾಲೆನ್ಸಿಂಗ್ ಯಂತ್ರ ಇರುವ ಕಡೆಗೆ ಒಯ್ದು ಬಾಗಿದೆಯೇ ಎಂದು ಅಳೆಸಿರಿ.